ಪೇತ್ರನ ಕುರ್ಚಿ

ಪವಿತ್ರ ಗುರುವಾರದ ಸಂಜೆ ಚರ್ಚಿನಲ್ಲಿ ಪಾದ ತೊಳೆಸಿಕೊಳ್ಳುವುದಕ್ಕೆ ಮುಂಚೆ ದೌಲಪ್ಪ ಮನೆಯಲ್ಲೇ ಪಾದ ತೊಳೆದುಕೊಳ್ಳುತ್ತಿದ್ದ. ಒಂದು ಸಲವಲ್ಲ, ಸೋಮವಾರದಿಂದಲೇ ಶುರು. ಬೆಳಿಗ್ಗೆ ಉಪ್ಪು ಹಾಕಿದ ಬಿಸಿನೀರಲ್ಲಿ ನೆನೆಸುವುದು, ಮಧ್ಯಾಹ್ನ ಹಿಮ್ಮಡಿಗೆ ಕಲ್ಲು ತಿಕ್ಕುವುದು, ಮಲಗುವಾಗ ಕೊಬ್ಬರಿ ಎಣ್ಣೆ ಸವರಿ ಕಾಲುಚೀಲ ಏರಿಸುವುದು. ಕಲಬುರಗಿಯ ಬಿಸಿಲಿಗೆ ಗೋಡೆಗಳೇ ಕಾದು ಕುಳಿತಿರುವ ದಿನಗಳಲ್ಲಿ ಉಣ್ಣೆಯ ಕಾಲುಚೀಲ! ಅವನ ಹೆಂಡತಿ ಮಾರ್ತಮ್ಮ ನೀರು ಕಾಯಿಸಿ ಕಾಯಿಸಿ ಹೈರಾಣಾಗುತ್ತಿದ್ದಳು.

"ಚರ್ಚಿನಾಗ ಹೆಂಗೂ ತೊಳೀತಾರಲ್ರಿ. ಅವ್ರಿಗೂ ಒಂದೀಟು ಕೆಲಸ ಉಳಸ್ರಿ" ಎನ್ನುತ್ತಿದ್ದಳು.

"ನಿನಗ ತಿಳಿಯಂಗಿಲ್ಲ. ಹೊಲಸ ಕಾಲ ತಗೊಂಡು ಹೋಗಿ ದೇವರ ಮುಂದ ಕೂಡಬೇಕೇನು?"

ದೌಲಪ್ಪ ಒಬ್ಬನೇ ಹೀಗೆ ಎಂದುಕೊಳ್ಳಬೇಡಿ. ಯೇಸುಸ್ವಾಮಿ ಕೊನೆಯ ಊಟದ ಹೊತ್ತಿನಲ್ಲಿ ಟೊಂಕಕ್ಕೆ ವಸ್ತ್ರ ಸುತ್ತಿಕೊಂಡು ಹನ್ನೆರಡು ಜನ ಶಿಷ್ಯರ ಧೂಳುಗಾಲು ತೊಳೆದನಲ್ಲ, ಅದರ ನೆನಪಿಗೆ ಆ ಚರ್ಚಿನಲ್ಲಿ ಪ್ರತಿ ವರ್ಷ ಹನ್ನೆರಡು ಕುರ್ಚಿ ಹಾಕುತ್ತಿದ್ದರು. ಪಾಸ್ಟರು ಒಂದೊಂದೇ ಕುರ್ಚಿಯ ಮುಂದೆ ಮೊಣಕಾಲೂರಿ ಕೂತವರ ಕಾಲು ತೊಳೆಯಬೇಕು. ಆ ಹನ್ನೆರಡೂ ಮಂದಿ ಮನೆಯಿಂದ ಕಾಲು ಹೊಳೆಸಿಕೊಂಡೇ ಬರುತ್ತಿದ್ದರು. ಕೆಲವರು ಉಗುರು ಕತ್ತರಿಸಲು ಕಟಿಂಗ್ ಅಂಗಡಿಗೂ ಹೋಗುತ್ತಿದ್ದುದುಂಟು. ಹೀಗಾಗಿ ಪಾಸ್ಟರ ತಾಮ್ರದ ಬೋಗುಣಿಯ ನೀರು ಹನ್ನೆರಡು ಜೊತೆ ಕಾಲು ತೊಳೆದ ಮೇಲೂ ಕುಡಿಯುವಷ್ಟು ತಿಳಿಯಾಗಿಯೇ ಇರುತ್ತಿತ್ತು. ಅದನ್ನು ಕಂಡು ಸಭೆಯವರಿಗೆಲ್ಲ ಹೆಮ್ಮೆ.

ಕುರ್ಚಿಗಳಿಗೂ ದರ್ಜೆ ಇತ್ತು. ಮೊದಲನೆಯದು ಶಿಷ್ಯರಲ್ಲೇ ಹಿರಿಯನಾದ ಪೇತ್ರನ ಕುರ್ಚಿ. ಕಡೆಯದು, ಗುರುವಿಗೆ ಮೋಸ ಮಾಡಿದ ಯೂದನದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಅದರಲ್ಲಿ ಕೂರಲು ಸಭೆಯಲ್ಲಿ ಒಬ್ಬನೂ ಸಿಕ್ಕುತ್ತಿರಲಿಲ್ಲ. ಊರಿಗೆ ಹೊಸದಾಗಿ ವರ್ಗವಾಗಿ ಬಂದವರನ್ನು "ಬರ್ರಿ, ಬರ್ರಿ, ನೀವು ಮಾನದ ಮಂದಿ" ಎಂದು ಕೈಹಿಡಿದು ಕರೆತಂದು ಕೂರಿಸಿಬಿಡುತ್ತಿದ್ದರು. ಬ್ಯಾಂಕಿನ ಪ್ರೇಮಕುಮಾರ ಬೀದರಿನಿಂದ ವರ್ಗವಾಗಿ ಬಂದ ವರ್ಷ ಹಾಗೇ ಸಿಕ್ಕಿಬಿದ್ದ. ಮನೆಗೆ ಹೋದ ಮೇಲೆ ಹೆಂಡತಿ ಬೆರಳು ಮಡಚಿ ಎಣಿಸಿ ಹೇಳಿದಾಗ ಅವನಿಗೆ ಊಟ ಸೇರಲಿಲ್ಲವಂತೆ. ಅಂದಿನಿಂದ ಅವನ ಕಣ್ಣು ಪೇತ್ರನ ಕುರ್ಚಿಯ ಮೇಲೆ.

ಆ ಕುರ್ಚಿ ದೌಲಪ್ಪನದು. ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾಗಿ ಊರಂಚಿನ ಕೋಟನೂರಿನಲ್ಲಿ ಮನೆ ಕಟ್ಟಿಕೊಂಡ ಈ ಮನುಷ್ಯನಿಗೆ ಕುರ್ಚಿಯ ಬೆಲೆ ಗೊತ್ತಿರದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಅದರ ಮೇಲೆ ಅವನು ಸುಮ್ಮನೆ ಕೂರುವವನೂ ಅಲ್ಲ. ಗುರು ಕಾಲು ತೊಳೆಯಲು ಬಂದಾಗ ಪೇತ್ರ ಒಲ್ಲೆನೆಂದು ಹಿಂಜರಿದನಲ್ಲ, ದೌಲಪ್ಪ ಅದನ್ನು ಮಾಡಿಯೇ ತೋರಿಸುತ್ತಿದ್ದ. ಪಾಸ್ಟರು ಕೈಚಾಚಿದ ಕೂಡಲೇ ಬೆಚ್ಚಿ ಕಾಲು ಎಳೆದುಕೊಂಡು, ಎರಡೂ ಕೈಯೆತ್ತಿ, "ಬೇಡ ಸ್ವಾಮೀ, ಬೇಡ!" ಎಂದು ಗದ್ಗದ ದನಿಯಲ್ಲಿ ಕೂಗುತ್ತಿದ್ದ. ಹಿಂದಿನ ಬೆಂಚಿನವರಿಗೂ ಕೇಳಬೇಕು. ಆಮೇಲೆ ಕಣ್ಣೊರೆಸಿಕೊಂಡು ಕಾಲು ಕೊಡುತ್ತಿದ್ದ. ಮುದುಕಿಯರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ಕನ್ನಡಿಯ ಮುಂದೆ ಅದರ ತಾಲೀಮು ನಡೆಯುವುದನ್ನು ಕಂಡಿದ್ದ ಮಾರ್ತಮ್ಮ ಮಾತ್ರ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಪ್ರಾರ್ಥನೆಯಲ್ಲೂ ಅವನದು ಎತ್ತಿದ ಕೈ. ಗೃಹಪ್ರವೇಶವಿರಲಿ, ಹೊಸ ಮೋಟರ್ ಸೈಕಲ್ಲಿರಲಿ, ಬೋರ್‌ವೆಲ್ಲಿರಲಿ, "ದೌಲಪ್ಪನೋರು ಪ್ರಾರ್ಥನಿ ಮಾಡ್ತಾರ" ಎಂದರೆ ಸಾಕು. ಅವನು ಲೋಕದ ಸೃಷ್ಟಿಯಿಂದಲೇ ಶುರುಮಾಡುತ್ತಿದ್ದ. ಆದಾಮನನ್ನು ತೋಟದಿಂದ ಹೊರಹಾಕಿ, ನೋಹನನ್ನು ದೋಣಿ ಹತ್ತಿಸಿ ಇಳಿಸಿ, ಅಬ್ರಹಾಮನನ್ನು ಊರು ಬಿಡಿಸಿ, ಹಾಗೇ ನಿಧಾನಕ್ಕೆ ಬೋರ್‌ವೆಲ್ಲಿಗೆ ಬರಬೇಕು. ಅಷ್ಟರಲ್ಲಿ ಒಲೆಯ ಮೇಲಿನ ಚಹಾ ಎರಡು ಸಲ ಆರಿರುತ್ತಿತ್ತು.

ಈ ಪ್ರಾರ್ಥನೆಯಿಂದಲೇ ಅವನಿಗೂ ಅವನ ಅಕ್ಕ ರಾಹೇಲಮ್ಮನಿಗೂ ಮಾತು ಮುರಿದದ್ದು. ಅಕ್ಕ ಕಮಲಾಪುರದವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳೂ ಅವಳೇ. ಅವಳ ಮಗಳ ಮದುವೆಯಲ್ಲಿ ಊಟದ ಮುಂಚಿನ ಪ್ರಾರ್ಥನೆ ಸೋದರಮಾವನದೇ ಎಂದಾಯಿತು. ಎಲೆ ಹಾಕಿತ್ತು, ಬಿಸಿ ಅನ್ನ ಬಡಿಸಿತ್ತು, ಜನ ಕೈಕಟ್ಟಿ ಕೂತಿದ್ದರು. ದೌಲಪ್ಪ ಕಣ್ಣು ಮುಚ್ಚಿದ. ಅನ್ನದ ಹಬೆ ನಿಂತಿತು, ತುಪ್ಪ ಗಟ್ಟಿಯಾಯಿತು, ಹಸಿದ ಕೂಸುಗಳು ಒಂದಾದ ಮೇಲೊಂದು ಅಳತೊಡಗಿದವು. ದೌಲಪ್ಪ ಇನ್ನೂ ಮೋಶೆಯ ಜೊತೆ ಈಜಿಪ್ಟಿನಲ್ಲೇ ಇದ್ದ. ಇನ್ನೇನು ಕೆಂಪು ಸಮುದ್ರ ಇಬ್ಭಾಗವಾಗಬೇಕು, ಆಗ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ರಾಹೇಲಮ್ಮ ದೊಡ್ಡ ದನಿಯಲ್ಲಿ "ಆಮೆನ್!" ಎಂದುಬಿಟ್ಟಳು. ಇಡೀ ಚಪ್ಪರ "ಆಮೆನ್!" ಎಂದು ಅನ್ನಕ್ಕೆ ಕೈಹಾಕಿತು. ಮೋಶೆಯ ಹಿಂದಿದ್ದ ಇಸ್ರಾಯೇಲ್ಯರು ಸಮುದ್ರ ದಾಟದೆ ದಂಡೆಯಲ್ಲೇ ನಿಂತರು. ದೌಲಪ್ಪ ಕಣ್ಣು ತೆರೆದಾಗ ಎಲ್ಲರ ಬಾಯಲ್ಲೂ ತುತ್ತು.

ಅವನು ಊಟ ಮಾಡದೆ ಎದ್ದು ಹೋದ. "ದೇವರ ಮಾತಿಗೆ ಅಡ್ಡ ಬಾಯಿ ಹಾಕಿದಾಕಿ" ಎಂದು ಅಕ್ಕನ ಹೆಸರು ಹೇಳುವುದನ್ನೂ ಬಿಟ್ಟ. ಅವಳು ಕ್ರಿಸ್‌ಮಸ್ಸಿಗೆ ತನ್ನ ತೋಟದ ಕೆಂಪು ಬಾಳೆಗೊನೆಯನ್ನು ಬಸ್ಸಿನಲ್ಲಿ ಹಾಕಿ ಕಳಿಸುತ್ತಿದ್ದಳು. ಅದನ್ನು ಅವನು ಒಂದು ಹಣ್ಣೂ ಮುಟ್ಟದೆ ಚರ್ಚಿಗೆ ಕೊಟ್ಟು, "ದೌಲಪ್ಪನವರ ಕಾಣಿಕೆ" ಎಂದು ಮೈಕಿನಲ್ಲಿ ಹೇಳಿಸುತ್ತಿದ್ದ. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ವರ್ಷಗಳು ಹೀಗೇ ಹೋದವು.

ಹೀಗಿರುವಾಗ ಚರ್ಚಿಗೆ ಹೊಸ ಪಾಸ್ಟರ್ ಬಂದಳು. ಹೆಸರು ಸೃಷ್ಟಿ. ವಯಸ್ಸು ದೌಲಪ್ಪನ ಮಗಳಷ್ಟು. ಸ್ಕೂಟಿಯ ಮೇಲೆ ಓಡಾಡುತ್ತಿದ್ದಳು, ಮಾತು ಕಡಿಮೆ, ನಗು ಜಾಸ್ತಿ. ಮೊದಲ ವರ್ಷ ಎಲ್ಲ ನೋಡಿದಳು. ತಿಳಿಯಾಗಿ ಉಳಿದ ಬೋಗುಣಿಯ ನೀರನ್ನೂ ನೋಡಿದಳು. ಮರುವರ್ಷ ಗುರುವಾರಕ್ಕೆ ಮುಂಚಿನ ಭಾನುವಾರ ವೇದಿಕೆಯ ಮೇಲೆ ನಿಂತು ಹೇಳಿದಳು:

"ಈ ಸಲ ನಾನು ಯಾರ ಕಾಲೂ ತೊಳೆಯಂಗಿಲ್ಲ. ಹನ್ನೆರಡು ಮಂದಿ ಹಿರಿಯರು ತಾವೇ ತೊಳೀಬೇಕು. ಯಾರ ಕೂಡ ಮಾತು ಬಿಟ್ಟೀರೋ ಅವ್ರನ್ನ ಕರಕೊಂಡು ಬರ್ರಿ. ಅವ್ರನ್ನ ನಿಮ್ಮ ಕುರ್ಚಿ ಮ್ಯಾಲೆ ಕೂಡಿಸಿ ಕಾಲು ತೊಳೀರಿ. ತೊಳೆದವ್ರ ಕುರ್ಚಿ ತೊಳೆದವ್ರಿಗೇ ಉಳೀತದ. ಆಗಲಿಲ್ಲಂದ್ರ ಬ್ಯಾರೆಯವ್ರಿಗೆ ಬಿಟ್ಟುಕೊಡ್ರಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಹನ್ನೆರಡೂ ಮಂದಿ ತಮಗೆ ಲೋಕದಲ್ಲಿ ವೈರಿಗಳೇ ಇಲ್ಲವೆಂದರು. ಒಬ್ಬ ತನ್ನ ಹೆಂಡತಿಯನ್ನೇ ಕೂರಿಸಬಹುದೇ, ಬೆಳಿಗ್ಗೆಯಿಂದ ಮಾತಿಲ್ಲ ಎಂದು ಕೇಳಿದ. ಪ್ರೇಮಕುಮಾರ ಮಾತ್ರ ಎದ್ದು, "ನಮ್ಮ ಅಳಿಯ ನನ್ನ ಮುಖ ನೋಡಂಗಿಲ್ರಿ. ಕರಕೊಂಡು ಬರ್ತೇನಿ" ಎಂದು ಎಲ್ಲರ ಮುಂದೆ ಸಾರಿದ. ಕೂರುವಾಗ ಪೇತ್ರನ ಕುರ್ಚಿಯ ಕಡೆ ಒಂದು ನೋಟ ಹಾಕಿದ. ದೌಲಪ್ಪನ ಎದೆ ಧಸಕ್ಕೆಂದಿತು.

ಮನೆಗೆ ಬಂದವನೇ ಎದುರಿನ ಕಿರಾಣಿ ಅಂಗಡಿಯ ಶಿವಲಿಂಗನ ಬಳಿ ಹೋದ. ದಿನಾ ಒಟ್ಟಿಗೆ ಚಹಾ ಕುಡಿಯುವ ಗೆಳೆಯ.

"ಶಿವಲಿಂಗಪ್ಪ, ಗುರುವಾರ ಒಂದ್ ತಾಸಿನ ಮಟ್ಟಿಗೆ ನನ್ನ ವೈರಿ ಆಗ್ತಿಯೇನು? ಕಾಲು ತೊಳೀತೇನಿ, ಅಷ್ಟೇ."

ಶಿವಲಿಂಗ ಸಕ್ಕರೆ ಕಟ್ಟುವುದನ್ನು ನಿಲ್ಲಿಸಿದ. "ಯಪ್ಪಾ, ದಿನಾ ಮುಂಜಾನೆ ಶರಣಬಸಪ್ಪಗ ಕೈ ಮುಗದು ಅಂಗಡಿ ತೆಗಿಯೋ ಮನುಷ್ಯಾ ನಾ. ನಿಮ್ಮ ದೇವರ ಮುಂದ ಬಂದು ಸುಳ್ಳ ವೈರಿ ಆದ್ರ ಇಬ್ಬರೂ ದೇವರು ಕೂಡಿ ನನ್ನ ಹಿಡೀತಾರ. ಸುಳ್ಳಿಂದ್ಯಾಕ? ಕಮಲಾಪುರದಾಗ ನಿನ್ನ ಖರೇ ಖರೇ ವೈರಿ ಅದಾಳಲ್ಲ."

"ಅಕಿ ಹೆಸರ ತಗೀಬ್ಯಾಡ."

"ಹಂಗಾರ ಕುರ್ಚಿ ಪ್ರೇಮಕುಮಾರಂದು" ಎಂದು ಶಿವಲಿಂಗ ಮತ್ತೆ ಸಕ್ಕರೆಗೆ ಕೈಹಾಕಿದ.

ಗುರುವಾರ ಬೆಳಿಗ್ಗೆ ದೌಲಪ್ಪ ಹಾಲಿನಂಥ ಬಿಳಿ ಧೋತರ ಉಟ್ಟು, ಚೀಲದಲ್ಲಿ ಹೊಸ ಟವೆಲು, ಚಂದನದ ಸಾಬೂನು ಇಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದ. ಅಕ್ಕನ ಮೇಲಿನ ಪ್ರೀತಿಯಿಂದ ಹೊರಟನೇ? ಇಲ್ಲವೇ ಇಲ್ಲ, ಕುರ್ಚಿಗಾಗಿ ಹೊರಟ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಸಂಜೆಯ ಚಿತ್ರವೇ ಓಡುತ್ತಿತ್ತು: ಅಕ್ಕ ಅಳುತ್ತಾಳೆ, ತಾನು ಬಾಗುತ್ತೇನೆ, ಸಭೆ ಉಸಿರು ಬಿಗಿಹಿಡಿಯುತ್ತದೆ, ಪ್ರೇಮಕುಮಾರನ ಮುಖ ಸುಟ್ಟ ಬದನೆಕಾಯಿಯಾಗುತ್ತದೆ. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಅವನಿಗೆ ತನ್ನ ದೊಡ್ಡತನಕ್ಕೆ ತನಗೇ ಕಣ್ಣೀರು ಬಂದಿತ್ತು.

ರಾಹೇಲಮ್ಮ ಮನೆಯಲ್ಲಿರಲಿಲ್ಲ, ತೋಟದಲ್ಲಿದ್ದಳು. ಸೀರೆ ಮೊಣಕಾಲವರೆಗೆ ಎತ್ತಿಕಟ್ಟಿ, ಕೈಯಲ್ಲಿ ಸಲಿಕೆ ಹಿಡಿದು, ಬಾಳೆಯ ಸಾಲುಗಳಿಗೆ ನೀರು ತಿರುಗಿಸುತ್ತಿದ್ದಳು. ಕಾಲು ಪಾದದಿಂದ ಮೀನಖಂಡದವರೆಗೆ ಕೆಂಪು ಕೆಸರು. ಬದುವಿನ ಮೇಲೆ ಬಿಳಿ ಧೋತರ ಕಂಡದ್ದೇ ಸಲಿಕೆ ಬಿಟ್ಟು ಎದೆಗೆ ಕೈಯಿಟ್ಟುಕೊಂಡಳು.

"ಯಾರ್ ಸತ್ರೋ?"

"ಯಾರೂ ಸತ್ತಿಲ್ಲ."

"ಮಾರ್ತಾ ಆರಾಮ ಅದಾಳಿಲ್ಲೋ?"

"ಆರಾಮ ಅದಾಳ. ನಾ ನಿನ್ನ ಕರೀಲಿಕ್ಕ ಬಂದೀನಿ. ಎರಡ ಗಂಟೆ ಬಸ್ಸಿಗೆ ಹೋಗೂಣು. ಸಂಜೀಕ ಚರ್ಚಿನಾಗ ನಿನ್ನ ಕಾಲು ತೊಳೀಬೇಕಾಗ್ಯಾದ."

ರಾಹೇಲಮ್ಮ ತನ್ನ ಕಾಲು ನೋಡಿಕೊಂಡಳು, ಅವನ ಮುಖ ನೋಡಿದಳು, ಮತ್ತೆ ಕಾಲು ನೋಡಿಕೊಂಡಳು. "ನನ್ನ ಕಾಲಿಗಿ ಏನಾಗ್ಯಾದ? ನಾನೇ ತೊಳಕೋತೀನಲ್ಲ" ಎಂದಳು.

ದೌಲಪ್ಪ ಪಾಸ್ಟರಮ್ಮನ ಆಜ್ಞೆ, ಹನ್ನೆರಡು ಕುರ್ಚಿ, ಪ್ರೇಮಕುಮಾರನ ಅಳಿಯ ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಸಲಿಕೆಯ ಹಿಡಿಗೆ ಗದ್ದವೂರಿ ಪೂರ್ತಿ ಕೇಳಿದಳು. ಮದುವೆಯ ಮನೆಯಲ್ಲಿ ಈ ತಾಳ್ಮೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಎಂದು ದೌಲಪ್ಪನಿಗೆ ಅನ್ನಿಸಿತು.

"ಬರಾಕ ಆಗಂಗಿಲ್ಲಪ್ಪ. ಕರೆಂಟು ಈಗ ಬಂದದ, ಸಂಜೀತನಕ ಇರ್ತದ. ಇವತ್ತು ನೀರು ಬಿಡಲಿಲ್ಲಂದ್ರ ಈ ಬಿಸಲಿಗೆ ಗೊನಿ ಎಲ್ಲಾ ಸುಟ್ಟು ಹೋಗ್ತಾವ. ತೊಳೀಲೇಬೇಕಂದ್ರ ಇಲ್ಲೇ ತೊಳಿ. ಹೌದಿನಾಗ ಬೇಕಾದಷ್ಟು ನೀರದ."

"ಇಲ್ಲಿ ಯಾರ್ ನೋಡ್ತಾರ?"

ಮಾತು ಬಾಯಿಂದ ಬಿದ್ದುಹೋಗಿತ್ತು. ದೌಲಪ್ಪನಿಗೇ ಅದು ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ರಾಹೇಲಮ್ಮ ಬೈಯಲಿಲ್ಲ, ನಗಲೂ ಇಲ್ಲ. "ಹೌದು, ಇಲ್ಲಿ ಯಾರೂ ಇಲ್ಲ" ಎಂದಷ್ಟೇ ಹೇಳಿ ಸಲಿಕೆ ಎತ್ತಿಕೊಂಡು ಬಾಳೆಯ ಸಾಲಿನೊಳಗೆ ಹೋದಳು. ಅವಳ ಬೆನ್ನು ಬಾಗಿದೆಯೆಂದು ಅವನು ಕಂಡದ್ದು ಆಗಲೇ. ಯಾವಾಗ ಬಾಗಿತೋ, ಅವನಿಗೆ ಗೊತ್ತಿರಲಿಲ್ಲ.

ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ, ಹಿಂದಿನಿಂದ "ಅಯ್ಯಯ್ಯೋ, ಕಾಲಿವಿ ಒಡೀತು!" ಎಂಬ ಕೂಗು ಬಂತು. ತಿರುಗಿ ನೋಡಿದರೆ ನೀರು ಕಾಲುವೆಯ ಏರಿ ಕೊರೆದು ಪಕ್ಕದವರ ಖಾಲಿ ಹೊಲಕ್ಕೆ ನುಗ್ಗುತ್ತಿದೆ. ರಾಹೇಲಮ್ಮ ಒಬ್ಬಳೇ ಸಲಿಕೆಯಿಂದ ಮಣ್ಣು ಎಳೆದೆಳೆದು ಹಾಕುತ್ತಿದ್ದಾಳೆ. ಹಾಕಿದ ಮಣ್ಣು ಹಾಕಿದ ಹಾಗೇ ಕೊಚ್ಚಿ ಹೋಗುತ್ತಿದೆ.

ದೌಲಪ್ಪ ಧೋತರದ ಕಡೆ ನೋಡಿದ. ಆಮೇಲೆ ನೋಡಲಿಲ್ಲ. ಚೀಲ ಬದುವಿನ ಮೇಲೆ ಎಸೆದು, ಚಪ್ಪಲಿ ಬಿಟ್ಟು, ಧಬಕ್ಕನೆ ಕಾಲುವೆಗೆ ಇಳಿದು, ಒಡೆದ ಜಾಗಕ್ಕೆ ಅಡ್ಡಲಾಗಿ ಕೂತೇಬಿಟ್ಟ. ಹೆಡ್ ಕ್ಲಾರ್ಕನ ದೇಹ, ಕೂತು ಕೂತು ಬೆಳೆಸಿದ್ದು, ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನೀರು ನಿಂತಿತು.

"ಏಳಬ್ಯಾಡ! ಹಂಗೇ ಕೂಡ್ರು!" ಎಂದು ಅಕ್ಕ ಅವನ ಸುತ್ತ ಮಣ್ಣು ಒತ್ತಿದಳು. ಅವನು ಕೂತ. ಎರಡು ಗಂಟೆಯ ಬಸ್ಸು ಅತ್ತ ರಸ್ತೆಯಲ್ಲಿ ಹಾರ್ನ್ ಹೊಡೆದುಕೊಂಡು ಹೋದದ್ದೂ ಕೇಳಿಸಿತು. ಆದರೂ ಕೂತ. ಮಣ್ಣು ಗಟ್ಟಿಯಾದ ಮೇಲೆ ಎದ್ದರೆ ಧೋತರ ಕಮಲಾಪುರದ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ರಾಹೇಲಮ್ಮನಿಗೆ ನಗು ತಡೆಯಲಿಲ್ಲ. ಅವನಿಗೂ ಬಂತು. ಇಬ್ಬರೂ ಮುದುಕರು ಬದುವಿನ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಮುಗಿದ ಮೇಲೆ ಇಬ್ಬರೂ ಸೇರಿ ಉಳಿದ ಸಾಲುಗಳಿಗೆ ನೀರು ತಿರುಗಿಸಿದರು. ಹೊತ್ತು ಇಳಿದಾಗ ಅವಳು ಅವನ ರಟ್ಟೆ ಹಿಡಿದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿದಳು. ತಾನು ಕೆಳಗೆ ಕುಕ್ಕರಗಾಲಲ್ಲಿ ಕೂತು, ಕೊಡದಿಂದ ನೀರು ಸುರಿದು, ಅವನ ಕಾಲು ಹಿಡಿದು ಉಜ್ಜತೊಡಗಿದಳು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದವನ ಕಾಲನ್ನು ಅವಳು ಉಜ್ಜುತ್ತಿದ್ದುದು ಹೀಗೆಯೇ, ಒರಟಾಗಿ, ಬೇರೆ ಏನೋ ಯೋಚಿಸುತ್ತ.

ದೌಲಪ್ಪ ಬೆಚ್ಚಿ ಕಾಲು ಎಳೆದುಕೊಂಡ. "ಬ್ಯಾಡ ಅಕ್ಕಾ."

ದನಿ ಒಡೆದು ಅರ್ಧಕ್ಕೇ ನಿಂತಿತು. ಪಕ್ಕದ ಬಾಳೆಗಿಡಕ್ಕೂ ಕೇಳಿಸಿರಲಿಕ್ಕಿಲ್ಲ. ಅವನಿಗೆ ನಾಚಿಕೆಯಾಗಿತ್ತು, ಮೈಯೆಲ್ಲ ನಾಚಿಕೆ. ಕುರ್ಚಿಗಾಗಿ ಬಂದ ಕಾಲು ಇದು, ಉಣ್ಣದೆ ಎದ್ದು ಹೋದ ಕಾಲು ಇದು.

"ಸುಮ್ಮ್ ಕೂಡ್ರು. ಕೆಸರು ಒಣಗಿದ್ರ ಹೋಗಂಗಿಲ್ಲ" ಎಂದು ಅವಳು ಕಾಲನ್ನು ಮತ್ತೆ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಹೇಳಿದಳು: "ಅವತ್ತು ನಾ ನಡುವ ಬಾಯಿ ಹಾಕಬಾರದಿತ್ತು. ಕೂಸುಗೊಳು ಅಳಾಕತ್ತಿದ್ವು, ತಡೀಲಿಲ್ಲ."

"ಇಲ್ಲಕ್ಕಾ. ಉದ್ದ ಆಗಿತ್ತು."

"ಭಾಳ ಉದ್ದ ಆಗಿತ್ತು" ಎಂದು ಅವಳು ಒಪ್ಪಿಕೊಂಡಳು.

ದೌಲಪ್ಪ ಎದ್ದ. ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ, ಬದುವಿನ ಮೇಲಿದ್ದ ಚೀಲ ತಂದು, ಕೆಸರಿನಲ್ಲೇ ಮೊಣಕಾಲೂರಿದ. ಪ್ರಾರ್ಥನೆ ಮಾಡಬೇಕೆನ್ನಿಸಿತು, ಬಾಯಿ ತೆರೆದ. ಆದಾಮ ಬರಲಿಲ್ಲ, ನೋಹನೂ ಬರಲಿಲ್ಲ. "ಸ್ವಾಮೀ" ಎಂದ, ಅಷ್ಟೇ. ಕೊಡ ಎತ್ತಿ ಅಕ್ಕನ ಕಾಲಿಗೆ ನೀರು ಸುರಿದ. ಅವಳ ಹಿಮ್ಮಡಿಯ ಬಿರುಕುಗಳಲ್ಲಿ ವರ್ಷಗಳ ಕೆಂಪು ಮಣ್ಣು ಕೂತಿತ್ತು, ಒಂದು ಬೆರಳಿಗೆ ಉಗುರೇ ಇರಲಿಲ್ಲ. ಈ ಕಾಲು ಹೀಗಿದೆಯೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡ. ಚಂದನದ ಸಾಬೂನು ಹಚ್ಚಿ ತಿಕ್ಕಿದ. ಕೊಡದ ನೀರು ಮುಗಿಯಿತು, ಮತ್ತೆ ತುಂಬಿದ, ತಿಕ್ಕಿದ. ನೀರು ಕೆಂಪಾಗಿ ಹರಿಯುತ್ತಲೇ ಇತ್ತು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಚೀಲದಲ್ಲಿದ್ದ ಮೊಬೈಲು ಬಡಿದುಕೊಂಡಾಗ ಚರ್ಚಿನಲ್ಲಿ ಗಂಟೆ ಹೊಡೆಯುವ ಹೊತ್ತಾಗಿತ್ತು. ಮಾರ್ತಮ್ಮನ ಫೋನು. ಹಿಂದೆ ಹಾಡು ಕೇಳಿಸುತ್ತಿತ್ತು.

"ಎಲ್ಲಿದ್ದೀರಿ? ಎಲ್ಲಾರೂ ಬಂದಾರ. ಪ್ರೇಮಕುಮಾರನೋರು ಅಳಿಯನ್ನ ಕರಕೊಂಡು ಬಂದು ನಿಮ್ಮ ಕುರ್ಚಿ ಹತ್ರನೇ ನಿಂತಾರ. ಪಾಸ್ಟರಮ್ಮ ಕೇಳಾಕತ್ತಾರ, ಅವ್ರಿಗೆ ಬಿಡಬೇಕೋ ಹೆಂಗಂತ."

ದೌಲಪ್ಪ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಕ್ಕನ ಕಾಲು ಹಿಡಿದಿದ್ದ.

"ಬಿಡು ಅನ್ನು."

"ಆಂ?" ಮಾರ್ತಮ್ಮನಿಗೆ ನಂಬಿಕೆಯಾಗಲಿಲ್ಲ. "ಅಕ್ಕ ಬರಾಕ ಒಪ್ಪಲಿಲ್ಲೇನು?"

"ಇಲ್ಲ, ಬರಲಿಲ್ಲ."

"ಪಾಸ್ಟರಮ್ಮಗ ಏನ್ ಹೇಳ್ಲಿ? ಅಲ್ಲಿ ಏನ್ ಮಾಡಾಕತ್ತೀರಿ ನೀವು?"

ಹೇಳಲು ಅವನ ಬಳಿ ಎಂಥ ಮಾತಿತ್ತು! ಹೇಳಿದ್ದರೆ ಪಾಸ್ಟರಮ್ಮ ಅದನ್ನು ಮೈಕಿನಲ್ಲಿ ಸಾರುತ್ತಿದ್ದಳು, ಸಭೆ ಎದ್ದು ನಿಲ್ಲುತ್ತಿತ್ತು, ಪ್ರೇಮಕುಮಾರ ಅಳಿಯನ ಸಮೇತ ಮೂಲೆ ಸೇರುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂದು ಕುಣಿಯಿತು. ದೌಲಪ್ಪ ಅದನ್ನು ನುಂಗಿಕೊಂಡ. ಅಷ್ಟು ಕಷ್ಟದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

"ಬಾಳಿಗಿ ನೀರು ಬಿಡಾಕತ್ತೀನಿ" ಎಂದು ಹೇಳಿ ಫೋನು ಇಟ್ಟ.

ರಾಹೇಲಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಇಂಥಾ ದಿವಸ ಸುಳ್ಳ ಹೇಳ್ತಿಯಲ್ಲೋ! ಇದ್ದದ್ದು ಹೇಳಿದ್ರ ನಿನ್ನ ಕುರ್ಚಿ ಉಳೀತಿತ್ತಲ್ಲ?"

"ಉಳೀತಿತ್ತು" ಎಂದ ದೌಲಪ್ಪ. "ಆ ಕಾಲು ಕೊಡು."